ತಟ್ಟು ಮಾರಿ ತಂದ ಸೈಕಲ್

ನನ್ನ ಅಪ್ಪ ತಟ್ಟು ಮಾರಿ ನನಗೆ ಗಂಡನನ್ನು ತಂದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಡೆದದ್ದು ಇಷ್ಟೇ. ಗಂಡಿನ ಕಡೆಯವರು ಸೈಕಲ್ ಕೇಳಿದರು. ಬೆಳುಂಕಿಯ ಕುರಿಗಾರ ವಿಠೋಬನ ಹತ್ತಿರ ಸೈಕಲ್ ಎಲ್ಲಿಂದ ಬರಬೇಕು? ಇದ್ದದ್ದು ಒಂದು ಕುರಿ ಹಿಂಡು, ಎರಡು ನಾಯಿ ಮತ್ತು ಕೆಂಚಿ ಎಂಬ ತಟ್ಟು, ಅಂದರೆ ಹೇರು ಹೊರುವ ಗಿಡ್ಡ ಕುದುರೆ. ಕುರಿ ಮಾರಿದರೆ ಹೊಟ್ಟೆಗಿಲ್ಲ, ನಾಯಿಯನ್ನು ಯಾರೂ ಕೊಳ್ಳುವುದಿಲ್ಲ. ಕೆಂಚಿಯನ್ನು ಹೊಡೆದುಕೊಂಡು ಸಂತೆಗೆ ಹೋದವನು ಬರುವಾಗ ಕರಿ ಬಣ್ಣದ ಹೊಸ ಸೈಕಲ್ಲನ್ನು ಹ್ಯಾಂಡಲಿನ ಎರಡೂ ಕಿವಿ ಹಿಡಿದು ನಡೆಸಿಕೊಂಡು ಬಂದ. ಅದನ್ನು ಹತ್ತಿ ಬರುವುದು ಅವನಿಗೆ ಗೊತ್ತಿರಲಿಲ್ಲ, ಸಾಯುವ ತನಕ ಕಲಿಯಲೂ ಇಲ್ಲ.

ಇದು ೧೯೬೪ರ ಮಾತು. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ನಾನು ಹೇಳುತ್ತೇನೆ: ಅಪ್ಪಾಸಾಬ. ಅವನೂ ಕುರಿಗಾರರ ಮಗನೇ. ಆದರೆ ಜತ್ತದ ಹಿಟ್ಟಿನ ಗಿರಣಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಕುರಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುವುದನ್ನು ಕಲಿತಿದ್ದ. ಅವನ ತಾಯಿ ಸಾವಿತ್ರವ್ವ ನಮ್ಮ ಜೋಪಡಿಯ ಮುಂದೆ ಕಂಬಳಿಯ ಮೇಲೆ ಕುಳಿತು, "ನಮ್ಮ ಹುಡುಗ ಗಿರಣ್ಯಾಗ ನೌಕರಿ ಮಾಡಾಂವ. ನಡಕೊಂಡ ತಿರಗಿದ್ರ ಮಂದಿ ಏನಂತಾರ?" ಎಂದಿದ್ದಳು.

"ಹೌದ್ರಿ," ಎಂದ ಅಪ್ಪ. ಅಪ್ಪನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಹೌದ್ರಿ, ಆತ್ರಿ, ಬರ್ರಿ, ಕುಂದ್ರಿ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ನನಗೆ ಗಂಡನ ಮೇಲೆ ಬಂದಷ್ಟೇ ಸಿಟ್ಟು ಆ 'ಹೌದ್ರಿ'ಯ ಮೇಲೂ ಬರುತ್ತಿತ್ತು.

ಕುರಿಗಾರರಿಗೆ ತಟ್ಟು ಅಂದರೆ ಮನೆಯೇ. ದೀಪಾವಳಿ ಮುಗಿದ ಮೇಲೆ ನಮ್ಮ ಮಂದಿ ಹಿಂಡು ಹೊಡೆದುಕೊಂಡು ಕೃಷ್ಣೆಯ ಕಡೆ ಇಳಿಯುತ್ತಾರೆ. ಯಾರದೋ ಹೊಲದಲ್ಲಿ ಕುರಿ ಮಲಗಿಸಿದರೆ ಹೊಲದವನಿಗೆ ಗೊಬ್ಬರ, ನಮಗೆ ಜೋಳ. ಮಳೆ ಬೀಳುವ ಹೊತ್ತಿಗೆ ತಿರುಗಿ ಊರು. ಅಲ್ಲಿಯ ತನಕ ಬೀಸುಕಲ್ಲು, ಜೋಳದ ಚೀಲ, ಹಂಚು, ಕೊಡ, ಕಂಬಳಿ, ಕುರಿ ಕೂಡುವ ಬಲೆ, ಕೋಳಿ ಬುಟ್ಟಿ, ಎಲ್ಲವೂ ಕೆಂಚಿಯ ಬೆನ್ನ ಮೇಲೆ. ಕೆಂಚಿ ಹೋದ ಮೇಲೆ ಆ ಹೇರೆಲ್ಲ ನನ್ನ ಅಪ್ಪ ಅವ್ವನ ತಲೆಯ ಮೇಲೆ ಬಂತು. ಇದನ್ನು ನಾನು ಮದುವೆಯ ಸಂಭ್ರಮದಲ್ಲಿ ಮರೆತಿದ್ದೆ ಎಂದು ಯಾರೂ ತಿಳಿಯಬಾರದು. ಅರಿಶಿಣ ಹಚ್ಚಿಸಿಕೊಳ್ಳುವಾಗಲೇ ಲೆಕ್ಕ ಹಾಕಿದ್ದೆ, ಹಲ್ಲು ಕಚ್ಚಿಕೊಂಡಿದ್ದೆ.

ಮದುವೆಯ ಮರುದಿನ ಅಪ್ಪಾಸಾಬ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಜತ್ತಕ್ಕೆ ಹೊರಟ. ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟುಕೊಂಡು, ಮಡಿಲಲ್ಲಿ ಸೀರೆಯ ಗಂಟು ಇಟ್ಟುಕೊಂಡು ಕುಳಿತೆ. ಊರು ದಾಟುವ ಮೊದಲೇ ಮುಂದಿನ ಗಾಲಿ ನೆಲ ಬಿಟ್ಟಂತೆ ಹಗುರಾಗಿ ಹ್ಯಾಂಡಲ್ ತನ್ನಷ್ಟಕ್ಕೆ ತಾನೇ ನಡುಗತೊಡಗಿತು. ಅವನು ಅದನ್ನು ಹಿಡಿದಷ್ಟೂ ಅದು ಹೆಚ್ಚು ಕುಣಿಯಿತು. ಹಳ್ಳದ ಇಳಿಜಾರಿನಲ್ಲಿ ಇಬ್ಬರೂ ಜಾಲಿಯ ಕಂಟಿಯಲ್ಲಿ ಬಿದ್ದೆವು. ಅವನು ಎದ್ದವನೇ ಮೊದಲು ನೋಡಿದ್ದು ಸೈಕಲ್ಲನ್ನು. ಅಂಗಿಯ ತುದಿಯಿಂದ ಅದರ ಮೈಯೊರೆಸಿದ. ನನ್ನ ಮೊಣಕೈಯಿಂದ ರಕ್ತ ಸೋರುತ್ತಿತ್ತು.

"ಈ ಸೈಕಲ್ಲಿಗೆ ಭಾರ ಒಗ್ಗಂಗಿಲ್ಲ," ಎಂದ. "ನೀ ನಡಕೊಂಡ ಬಾ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆವತ್ತಿನಿಂದ ಮೂರು ವರ್ಷ ನಾನು ನಡೆದೆ. ತವರಿಗೆ ಹೋಗುವಾಗ, ಉಮದಿಯ ಸಂತೆಗೆ ಹೋಗುವಾಗ, ಅವನ ಅಕ್ಕನ ಮನೆಗೆ ಹೋಗುವಾಗ, ಅವನು ಸೈಕಲ್ ಮೇಲೆ, ನಾನು ತಲೆಯ ಮೇಲೆ ಗಂಟು ಹೊತ್ತು ಹಿಂದೆ. ನನ್ನ ಅಪ್ಪ ಕೊಡಿಸಿದ ಸೈಕಲ್! ಅದರಲ್ಲೂ ಒಂದು ಕೆಟ್ಟ ಚಾಳಿ ಇತ್ತು ಅವನಿಗೆ. ಮುಂದೆ ಹೋಗಿ ಯಾವುದಾದರೂ ಬೇವಿನ ಮರದ ನೆರಳಲ್ಲಿ ಸೈಕಲ್ ನಿಲ್ಲಿಸಿ, ಬೀಡಿ ಹಚ್ಚಿಕೊಂಡು ಕೂರುತ್ತಿದ್ದ. ನಾನು ಬಿಸಿಲಲ್ಲಿ ಬೆವರು ಸುರಿಸುತ್ತ ಬಂದು ಗಂಟು ಇಳಿಸಬೇಕು ಅನ್ನುವಷ್ಟರಲ್ಲಿ ಬೀಡಿ ಎಸೆದು, "ಬಂದ್ಯಾ? ನಡಿ," ಎಂದು ಸೈಕಲ್ ಹತ್ತಿಬಿಡುತ್ತಿದ್ದ. ಅವನ ವಿಶ್ರಾಂತಿ ಮುಗಿದಿರುತ್ತಿತ್ತು. ನನ್ನದು ಶುರುವಾಗುತ್ತಲೇ ಇರಲಿಲ್ಲ.

ಹಿಂದೆ ನಡೆಯುವವಳಿಗೆ ನೋಡುವುದಕ್ಕೆ ಬೇಕಾದಷ್ಟು ಪುರುಸೊತ್ತು. ಬರಿ ಸೈಕಲ್ ನಮ್ಮ ಕಲ್ಲು ದಾರಿಯಲ್ಲಿ ಹುಚ್ಚು ಮರಿಯ ಹಾಗೆ ಜಿಗಿಯುತ್ತಿತ್ತು. ಸಣ್ಣ ಹರಳಿಗೂ ಹಾರುವುದು, ಗಂಟೆ ತಾನೇ ಹೊಡೆದುಕೊಳ್ಳುವುದು, ಅವನ ಕುಂಡೆ ಸೀಟಿನಿಂದ ಏಳುವುದು ಬೀಳುವುದು. ಆದರೆ ಸಂತೆಯಿಂದ ಬರುವಾಗ ಹ್ಯಾಂಡಲಿನ ಎಡಕ್ಕೊಂದು ಬಲಕ್ಕೊಂದು ತುಂಬಿದ ಕೈಚೀಲ ತೂಗುಹಾಕಿದ ದಿನ ಅದೇ ಸೈಕಲ್ ಗಬ್ಬದ ಕುರಿಯಂತೆ ನೆಲ ಹಿಡಿದು ಮೆತ್ತಗೆ ಹೋಗುತ್ತಿತ್ತು. ಭಾರ ಒಗ್ಗುವುದಿಲ್ಲ ಎಂಬ ಮಾತು ಸುಳ್ಳೆಂದು ನನಗೆ ಆಗಲೇ ಗೊತ್ತಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ಹಟಕ್ಕೆ ಬಿದ್ದು ಆ ಕೈಚೀಲಗಳನ್ನೂ ನನ್ನ ತಲೆಗೇ ಹೇರುತ್ತಿದ್ದ.

೧೯೬೭ರ ದೀಪಾವಳಿಯ ಮರುದಿನ ತವರಿಗೆ ಹೋದಾಗ ಅವ್ವ ಎದ್ದು ಬರಲಿಲ್ಲ. ನಮ್ಮವ್ವ ಯಲ್ಲವ್ವ ಎಂದರೆ ಕೂತಲ್ಲಿ ಕೂರದ ಹೆಂಗಸು. ಈಗ ಜೋಪಡಿಯ ಬಾಗಿಲಲ್ಲಿ ಮೊಣಕಾಲಿಗೆ ಎಕ್ಕೆಯ ಎಲೆ ಕಟ್ಟಿಕೊಂಡು ಕುಳಿತಿದ್ದಳು. ಹಿಂದಿನ ವರ್ಷ ಬೀಸುಕಲ್ಲು ಹೊತ್ತು ನಡೆದದ್ದರ ಫಲ.

"ಬರಿ ಕೈಲೆ ನಡೀಂದ್ರ ನಡೀತೀನವ್ವ," ಎಂದಳು. "ತಲಿ ಮ್ಯಾಲ ಭಾರ ಬಿತ್ತಂದ್ರ ಮೊಣಕಾಲ ಮುರದ ಹೊಕ್ಕೈತಿ."

"ಮತ್ತ ಈ ವರ್ಷ ಸಂಸಾರ ಯಾರ ಹೊರತಾರ?"

ಅಪ್ಪ ನಾಯಿಯ ಬೆನ್ನು ಸವರುತ್ತ ಹೇಳಿದ: "ಮಗಳ ಇಂದೂ, ಹಿಂಡ ಮಾರತೀನಿ. ಉಮದಿ ಕಡಿಂದ ವ್ಯಾಪಾರಿ ಬರಾಂವ ಅದಾನ. ಹಿಂಡ ಹೊಡ್ಯಾಕ ನಮ್ಮ ಮಂದಿ ಕೂಡ ಬರತಾರ, ಖರೆ. ಆದ್ರ ಒಬ್ಬೊಬ್ಬರಿಗೆ ಅವರವರ ಹೇರ ಇರತೈತಿ. ನಮ್ಮದ ಅವರ ತಟ್ಟಿನ ಮ್ಯಾಲ ಹ್ಯಾಂಗ ಹಾಕೂದು?"

ಹಿಂಡು ಮಾರಿದ ಕುರಿಗಾರ ಏನಾಗುತ್ತಾನೆ ಎಂದು ನಾನು ಕಂಡಿದ್ದೆ. ಕೈಯಲ್ಲಿ ಕೋಲು ಹಿಡಿದುಕೊಂಡೇ ತಿರುಗುತ್ತಾನೆ, ಹೊಡೆಯಲು ಏನೂ ಇರುವುದಿಲ್ಲ. ನನಗೆ ತಲೆ ಸುಟ್ಟುಹೋಯಿತು. ಬೇವಿನ ಮರಕ್ಕೆ ಒರಗಿ ನಿಂತಿದ್ದ ಆ ಸೈಕಲ್ಲನ್ನು ನೋಡಿದೆ. ನಮ್ಮ ಕೆಂಚಿ ಅಲ್ಲಿ ನಿಂತಿತ್ತು, ಗಂಟೆ ಕಟ್ಟಿಕೊಂಡು, ಯಾವ ಕೆಲಸವೂ ಇಲ್ಲದೆ.

"ರೀ," ಎಂದೆ ಗಂಡನಿಗೆ, "ಸೈಕಲ್ಲ ಅಪ್ಪಗ ಕೊಡ್ರಿ. ಹೇರ ಹಾಕ್ಕೊಂಡ ಹೋಗ್ಲಿ."

ಅವನು ನಕ್ಕ. "ಹೇರ? ಸೈಕಲ್ಲ ಮ್ಯಾಲ? ನಿಮ್ಮಪ್ಪಗ ಹತ್ತಾಕರೆ ಬರತೈತೇನ?"

"ಹತ್ತೂದ ಯಾಕ? ಕೆಂಚೀನರೆ ಹತ್ತತಿದ್ನೇನ? ಹಿಡಕೊಂಡ ನಡೀತಾನ."

"ಮದವ್ಯಾಗ ಕೊಟ್ಟಿದ್ದ ಹೊಳ್ಳಿ ಕೇಳ್ತಿ? ನಾಚಿಕಿ ಐತೇನ?"

"ಇಲ್ಲ," ಎಂದೆ. ನಿಜವಾಗಿಯೂ ಇರಲಿಲ್ಲ.

ಅಪ್ಪ ನಡುವೆ ಬಂದು, "ಇರಲಿ ಬಿಡ್ರಿ ಅಳಿಯಂದ್ರ, ಹುಡುಗಿ ತಿಳೀದ ಮಾತಾಡ್ತಾಳ," ಎಂದ. ಆಗ ನಾನು ಕೂಗಿದ ಕೂಗಿಗೆ ಆಚೆಯ ಜೋಪಡಿಯವರೂ ಹೊರಗೆ ಬಂದರು.

ಆವತ್ತೇ ಹಳ್ಳದಾಚೆಯ ಬೀರದೇವರ ಗುಡಿಯಲ್ಲಿ ಪೂಜೆ ಇತ್ತು. ಹಿಂಡು ಹೊರಡುವ ಮೊದಲು ನಮ್ಮ ಮಂದಿಯೆಲ್ಲ ಅಲ್ಲಿ ಸೇರಿ ಭಂಡಾರ ಹಚ್ಚಿಕೊಳ್ಳುವುದು ರೂಢಿ. ಭಂಡಾರ ಅಂದರೆ ದೇವರ ಅರಿಶಿಣ. ಅದನ್ನು ಮುಷ್ಟಿಯಲ್ಲಿ ಹಿಡಿದು ಆಡಿದ ಮಾತಿಗೆ ಕುರಿಗಾರ ಎರಡು ಮಾಡುವುದಿಲ್ಲ. ಎರಡು ಮಾಡಿದವನ ಮನೆಗೆ ನಮ್ಮವರು ಹೆಣ್ಣು ಕೊಡುವುದಿಲ್ಲ, ನೀರೂ ಕುಡಿಯುವುದಿಲ್ಲ.

ಪೂಜಾರಿ ಭರಮಣ್ಣ ಮುದುಕನ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಮಂದಿಯ ನಡುವೆ ಹೆಂಡತಿ ಹೀಗೆ ಬಾಯಿ ಮಾಡಿದ್ದು ಅಪ್ಪಾಸಾಬನಿಗೆ ಉರಿಯಿತು. ಸಿಟ್ಟು ಬಂದರೆ ಅವನಿಗೆ ಜತ್ತದ ಮರಾಠಿ ಬರುತ್ತಿತ್ತು. "ಬಸ್ ಝಾಲಂ! ಸಾಕ ಮಾಡ!" ಎಂದು ಚೀರಿ, ತೆಂಗಿನ ಪರಟೆಯಲ್ಲಿದ್ದ ಭಂಡಾರ ಬಾಚಿ ಮುಷ್ಟಿ ಕಟ್ಟಿದ.

"ಕೇಳ್ರಿ ಎಲ್ಲಾರೂ. ಈ ಸೈಕಲ್ಲ ಇವರ ಸಂಸಾರ ಹೊತ್ತ, ಇವರ ಜೋಪಡಿಂದ ಹೊಂಟ, ಹಳ್ಳಾ ದಾಟಿ, ಈ ಗುಡಿ ಮುಟ್ಟಲಿ. ಬಿಟ್ಟ ಕೊಡ್ತೀನಿ. ನಡುವ ದಾರ್‍ಯಾಗ ಒಮ್ಮಿ ಬಿತ್ತಂದ್ರ, ಇಕಿ ಮತ್ತ ತವರಮನಿ ಹೆಸರ ತಗೀಬಾರದು. ಇತ್ತಾಗ ಕಾಲ ಇಡಬಾರದು."

ಅವನು ಧೈರ್ಯದಿಂದ ಹೇಳಿದ್ದ. ಹಳ್ಳದ ಇಳಿಜಾರಿನಲ್ಲಿ ಆ ಹ್ಯಾಂಡಲ್ ನಡುಗಿದ್ದು ಅವನ ಕೈಗೆ ನೆನಪಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನೂ ಭಂಡಾರ ಹಿಡಿದೆ.

ಎಲ್ಲರೂ ಜೋಪಡಿಗೆ ಬಂದರು. ಅಪ್ಪ ಹೇರು ಕಟ್ಟತೊಡಗಿದ. ಅವನ ಕೈ ಚಲೋ ಕೈ. ಅವನು ಹೇರು ಕಟ್ಟಿದ ಮೇಲೆ ಕೆಂಚಿ ಗುಡ್ಡ ಹತ್ತಿದರೂ ಒಂದು ಹಗ್ಗ ಸಡಿಲುತ್ತಿರಲಿಲ್ಲ. ಆದರೆ ಅವನು ಹೇರು ಹಾಕಿದ್ದು ಕೆಂಚಿಗೇ. ಕ್ಯಾರಿಯರ್ ಅವನ ಕಣ್ಣಿಗೆ ಬೆನ್ನು. ಬೆನ್ನ ಮೇಲೆ ಜೋಳದ ಚೀಲ, ಅದರ ಮೇಲೆ ಬೀಸುಕಲ್ಲಿನ ಎರಡೂ ಹೋಳು, ಅದರ ಮೇಲೆ ಬಲೆ, ಕಂಬಳಿ, ಎಲ್ಲಕ್ಕೂ ಮೇಲೆ ಕೋಳಿ ಬುಟ್ಟಿ. ಪಾಪ, ಕಟ್ಟುತ್ತ ಕಟ್ಟುತ್ತ ಸೀಟು ಸವರಿ, "ಹೋ, ಹೋ," ಎನ್ನುತ್ತಿದ್ದ.

ಸ್ಟ್ಯಾಂಡಿನಿಂದ ಇಳಿಸಿದ್ದೇ ತಡ, ಮುಂದಿನ ಗಾಲಿ ಆಕಾಶ ನೋಡಿತು. ಹ್ಯಾಂಡಲ್ ಗಿರಕ್ಕನೆ ತಿರುಗಿತು. ಇಡೀ ಸಂಸಾರ ಹಿಂದಕ್ಕೆ ಮಗುಚಿ ಅಂಗಳದಲ್ಲಿ ಬಿತ್ತು. ಕೋಳಿಗಳು ಕಿರುಚಿಕೊಂಡು ಹಾರಿದವು. ಮಂದಿ ನಕ್ಕರು. ಅಪ್ಪಾಸಾಬ ಎಲ್ಲರಿಗಿಂತ ಜೋರಾಗಿ ನಕ್ಕ.

"ಮುಗೀತು! ನಡಿ ಮನಿಗಿ."

"ಏನ ಮುಗೀತು?" ನಾನು ಅವನ ಎದುರಿಗೆ ಹೋಗಿ ನಿಂತೆ. "ನಡುವ ದಾರ್‍ಯಾಗ ಬಿತ್ತಂದ್ರ ಅಂತ ಅಂದೀರಿ. ಇನ್ನಾ ಅಂಗಳಾನ ದಾಟಿಲ್ಲ. ದಾರಿ ಎಲ್ಲೈತಿ?"

ಅವನು ಭರಮಣ್ಣನನ್ನು ನೋಡಿದ. ಮುದುಕ ಮೂಗು ತಿಕ್ಕಿಕೊಂಡು, "ಖರೆ ಐತಪಾ. ಹೊಂಟಿಲ್ಲಿನ್ನಾ. ಕಟ್ಟಲಿ ತಡಿ," ಎಂದ.

"ಯಪ್ಪಾ, ಅತ್ತಾಗ ಸರಿ," ಎಂದೆ. "ಇದು ಕೆಂಚಿ ಅಲ್ಲ. ಇದಕ್ಕ ಬೆನ್ನಿಲ್ಲ. ನಾ ಇದರ ಹಿಂದ ಮೂರ ವರ್ಷ ನಡದೀನಿ."

ಮೊದಲು ಜೋಳದ ಚೀಲ. ಅದನ್ನು ಮೇಲೆ ಇಡಲಿಲ್ಲ. ಸೀಟಿನ ಕೆಳಗೆ, ಕೊಳವೆಗಳ ನಡುವಿನ ಆ ಮೂರು ಮೂಲೆಯ ಸಂದಿಯಲ್ಲಿ ತುರುಕಿದೆ. ಎರಡೂ ಕಡೆ ಹೊಟ್ಟೆ ಉಬ್ಬಿಸಿಕೊಂಡು ಅದು ಅಲ್ಲೇ ಕಚ್ಚಿಕೊಂಡಿತು.

ಅಪ್ಪಾಸಾಬ ಬಾಯಿ ಬಡಿದುಕೊಂಡ. "ಏ, ಪೈಡಲ್ಲ ತಿರಗೂದಿಲ್ಲ! ಕಾಲ ಎಲ್ಲಿ ಇಡೂದು? ಎಲ್ಲಿ ಕುಂಡ್ರೂದು?"

"ಯಾರ ಕುಂಡ್ರಾವ್ರು?" ಎಂದೆ. ಸೈಕಲ್ ಅಂದರೆ ಮೇಲೆ ಒಬ್ಬ ಗಂಡಸು ಕೂರಲೇಬೇಕು ಎಂದು ಅವನು ತಿಳಿದಿದ್ದ.

ಬೀಸುಕಲ್ಲಿನ ಒಂದು ಹೋಳು ಹಿಂದಿನ ಗಾಲಿಯ ಎಡಕ್ಕೆ, ಇನ್ನೊಂದು ಬಲಕ್ಕೆ, ನೆಲದ ಹತ್ತಿರ ಹತ್ತಿರ ಇಳಿಬಿಟ್ಟು ಕಟ್ಟಿಸಿದೆ. ಮುಂದೆ ಹ್ಯಾಂಡಲಿಗೆ ಒಂದು ಕಡೆ ಬೇಳೆ ತುಂಬಿದ ಹಿತ್ತಾಳೆ ಕೊಡ, ಇನ್ನೊಂದು ಕಡೆ ಹಂಚು, ಉಪ್ಪು, ಕೊಡಲಿಯ ಗಂಟು. ಎರಡನ್ನೂ ಕೈಯಲ್ಲಿ ಎತ್ತಿ ತೂಗಿ ನೋಡಿ, ಕೊಡದಿಂದ ಒಂದು ಬೊಗಸೆ ಬೇಳೆ ತೆಗೆದೆ. ಕ್ಯಾರಿಯರ್ ಮೇಲೆ ಬಲೆ, ಕಂಬಳಿ ಮತ್ತು ಕೋಳಿ ಬುಟ್ಟಿ ಮಾತ್ರ. ಎಲ್ಲೆಲ್ಲಿ ಎನ್ನುವುದು ನನ್ನದು, ಗಂಟು ಅಪ್ಪನದು. ಅವನು ಕಟ್ಟಿದ ಮೇಲೆ ಒಂದೂ ಅಲುಗಲಿಲ್ಲ.

ಅಪ್ಪ ಎರಡೂ ಕಿವಿ ಹಿಡಿದು ತಳ್ಳಿದ. ಸೈಕಲ್ ಒಮ್ಮೆ ನರಳಿ ಮುಂದೆ ನಡೆಯಿತು. ಮುಂದಿನ ಗಾಲಿ ನೆಲ ಬಿಡಲಿಲ್ಲ. ಕಲ್ಲು ಬಂದರೆ ಹಾರುವ ಬದಲು ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಿತು. ಮೂರು ವರ್ಷ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿದ್ದ ಆ ಗಂಟೆ ಅವತ್ತು ಒಮ್ಮೆಯೂ ಹೊಡೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಒಂದು ಕೈ ಬಿಟ್ಟ. ಇನ್ನೂ ಸ್ವಲ್ಪ ದೂರಕ್ಕೆ, ಬೀಡಿ ಇದೆಯೇ ಎಂದು ಯಾರನ್ನೋ ಕೇಳಿದ. ಅವ್ವ ಬರಿಗೈಯಲ್ಲಿ ಕುಂಟುತ್ತ ಪಕ್ಕದಲ್ಲಿ ನಡೆಯುತ್ತಿದ್ದಳು. ನನಗೆ ಅಳು ಬರಬೇಕಿತ್ತೇನೋ. ಬಂದದ್ದು ಸಿಟ್ಟೇ. ಇಷ್ಟು ಸುಲಭವಿತ್ತಲ್ಲ! ಇಷ್ಟಕ್ಕೆ ಅವ್ವನ ಮೊಣಕಾಲು ಹೋಯಿತಲ್ಲ!

ಹಳ್ಳ ಬಂತು. ಇಳಿಜಾರಿಗೆ ಕಾಲಿಡುತ್ತಲೇ ಹೇರಿಗೆ ಜೀವ ಬಂತು. ಅದು ಮುಂದೆ ಮುಂದೆ ಓಡತೊಡಗಿತು, ಅಪ್ಪ ಹಿಂದೆ ಹಿಂದೆ ಜಗ್ಗತೊಡಗಿದ. ಬ್ರೇಕ್ ಒತ್ತುವುದು ಅವನಿಗೆ ತಿಳಿಯದು. ಅವನ ಕೈಗೆ ಗೊತ್ತಿದ್ದದ್ದು ಲಗಾಮು. ಇಂಥ ಕಡೆ ಹಿಂದಕ್ಕೆ ಎಳೆದು ಹಿಡಿಯಲೆಂದೇ ನಾನು ಕ್ಯಾರಿಯರಿಗೆ ಒಂದು ಉದ್ದ ಹಗ್ಗ ಕಟ್ಟಿಸಿದ್ದೆ. ಅದನ್ನು ಹಿಡಿದು ಹಿಮ್ಮಡಿ ಊರಿದೆ. ಆದರೂ ಅದು ನನ್ನನ್ನೂ ಎಳೆದುಕೊಂಡು ಹೊರಟಿತು. ಕೆಳಗೆ ಬಂಡೆಗಳು.

"ಹಿಡೀರಿ ಯಾರರೆ!" ಎಂದು ಅವ್ವ ಕೂಗಿದಳು.

ಯಾರೂ ಮುಂದೆ ಬರಲಿಲ್ಲ. ಇದು ಮಾವ ಅಳಿಯನ ಪಂಥ. ನಡುವೆ ಕೈ ಹಾಕುವವರು ಯಾರು? ನನ್ನ ಹಿಂದೆಯೇ ಅಪ್ಪಾಸಾಬ ಬರುತ್ತಿದ್ದ. ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಎಲ್ಲರಿಗಿಂತ ಹತ್ತಿರ ಬರುತ್ತಿದ್ದ. ನಾನು ತಿರುಗಿ ಹಗ್ಗದ ತುದಿಯನ್ನು ಅವನ ಎದೆಗೆ ಒಗೆದೆ.

"ಬಿಡ್ತೀನಿ ನೋಡ್ರಿ. ಬಿದ್ರ ಸೈಕಲ್ಲ ನಿಮ್ಮದು. ಗಾಲಿ ಬಂಡಿಗಲ್ಲಿಗೆ ಬಡದ ಹಪ್ಪಳ ಆಗತೈತಿ. ಹಪ್ಪಳಾನ ಒಯ್ಯರಿ ಜತ್ತಕ್ಕ."

ಅವನ ಮುಖವನ್ನು ಆ ಹೊತ್ತಿನಲ್ಲಿ ನೋಡಬೇಕಿತ್ತು. ಹಿಡಿದರೆ ಸೈಕಲ್ ಗುಡಿ ಮುಟ್ಟುತ್ತದೆ, ಮಾವನ ಪಾಲಾಗುತ್ತದೆ. ಬಿಟ್ಟರೆ ಸೈಕಲ್ಲೇ ಉಳಿಯುವುದಿಲ್ಲ. ದಸರೆಗೆ ಹೂವು ಏರಿಸಿದ್ದು, ದಿನಾ ಎಣ್ಣೆ ಒರೆಸಿದ್ದು, ಹೆಂಡತಿಯನ್ನು ಕೂರಿಸದೆ ಕಾಪಾಡಿದ್ದು ಕಣ್ಣೆದುರೇ ಬಂಡೆಯ ಕಡೆ ಓಡುತ್ತಿದೆ. ನಾನು ನಿಜವಾಗಿಯೂ ಕೈ ಸಡಿಲಿಸಿದೆ.

ಅಪ್ಪಾಸಾಬ ಹಗ್ಗ ಹಿಡಿದ.

ಎರಡು ಕೈಯಲ್ಲೂ ಹಿಡಿದು, ಕುಂಡೆ ನೆಲಕ್ಕೆ ತಾಗುವ ಹಾಗೆ ಹಿಂದಕ್ಕೆ ವಾಲಿ, ಚಪ್ಪಲಿ ಕಿತ್ತುಹೋಗುವ ತನಕ ಎಳೆದ. ಸೈಕಲ್ ಹೆಜ್ಜೆ ಹೆಜ್ಜೆಯಾಗಿ ಹಳ್ಳಕ್ಕೆ ಇಳಿಯಿತು. ಆಚೆಯ ಏರಿನಲ್ಲಿ ಭಾರ ಹಿಂದಕ್ಕೆ ಜಾರಿದಾಗ ಅವನೇ ಭುಜ ಕೊಟ್ಟು ತಳ್ಳಿದ. ತಳ್ಳದಿದ್ದರೆ ಅವನ ಮೈಮೇಲೇ ಬರುತ್ತಿತ್ತು. ಗುಡಿಯ ಮುಂದೆ ಅಪ್ಪ, "ಹೋ," ಎಂದು ನಿಲ್ಲಿಸಿದಾಗ ಅಳಿಯನ ಅಂಗಿ ಬೆನ್ನಿಗೆ ಅಂಟಿತ್ತು. ಭರಮಣ್ಣ ಹ್ಯಾಂಡಲಿಗೆ ಭಂಡಾರ ಹಚ್ಚಿದ, ಅದೇ ಬೆರಳಿನಿಂದ ಅವನ ಹಣೆಗೂ ಹಚ್ಚಿದ.

"ಅಳಿಯಂದ್ರು ಕೈ ಹಚ್ಚಿದ್ರಿಂದ ಆತ್ರಿ," ಎಂದ ನನ್ನ ಅಪ್ಪ. ಅವನಿಗೆ ಬುದ್ಧಿ ಬರುವುದಿಲ್ಲ.

ಹಿಂಡು ಮಾರಲಿಲ್ಲ. ಮರುದಿನ ಮುಂಜಾನೆ ನಮ್ಮ ಮಂದಿ ಎಲ್ಲರ ಹಣೆಗೂ ಮತ್ತೆ ಭಂಡಾರ ಹಚ್ಚಿ ಕೃಷ್ಣೆಯ ಕಡೆ ಹೊರಟರು. ತಟ್ಟುಗಳ ಸಾಲಿನಲ್ಲಿ ಕರಿ ಸೈಕಲ್ಲೂ ಒಂದು, ಮೇಲೆ ಕೋಳಿ ಬುಟ್ಟಿ. ಅಪ್ಪ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದ.

ನಾವಿಬ್ಬರೂ ಜತ್ತದ ದಾರಿ ಹಿಡಿದೆವು. ಅವ್ವ ಒಂದು ಕಂಬಳಿಯ ಗಂಟು ಕೊಟ್ಟಿದ್ದಳು. ಅಪ್ಪಾಸಾಬ ಅದನ್ನು ನನ್ನ ಕಾಲ ಹತ್ತಿರ ಇಟ್ಟು ನಿಂತ. ನಾನು ಅದನ್ನು ದಾಟಿ ನಡೆದೆ. ಆಮೇಲೆ ಹಿಂದಿನಿಂದ ಕಿತ್ತುಹೋದ ಚಪ್ಪಲಿಯ ಸದ್ದು ಕೇಳಿಸಿತು.

"ಲಗೂನ ಹೋಗಬ್ಯಾಡ," ಎಂದು ದೂರದಿಂದ ಕೂಗಿದ. "ತಲಿ ಮ್ಯಾಲ ಭಾರ ಐತಿ."

ಮೂರು ವರ್ಷದಲ್ಲಿ ನನ್ನ ಸಿಟ್ಟು ಒಂದೇ ದಿನಕ್ಕೆ ಇಳಿಯುವಷ್ಟು ಸಣ್ಣದಾಗಿ ಉಳಿದಿರಲಿಲ್ಲ. ಮುಂದೆ ಹೋಗಿ ದಾರಿಯ ಬದಿಯ ಬೇವಿನ ಮರದ ಬುಡದಲ್ಲಿ, ಅವನು ಕೂರುತ್ತಿದ್ದ ಕಲ್ಲಿನ ಮೇಲೇ ಕುಳಿತೆ. ಗಾಳಿ ತಂಪಾಗಿತ್ತು. ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಅಗಿದೆ. ಅವನು ಬಂದ. ಮುಖವೆಲ್ಲ ಬೆವರು, ಹಣೆಯ ಭಂಡಾರ ಕರಗಿ ಮೂಗಿನ ಮೇಲೆ ಇಳಿದಿತ್ತು. ಗಂಟು ಇಳಿಸಲು ಕೈ ಎತ್ತಿದ.

ನಾನು ಎದ್ದು ಸೀರೆ ಝಾಡಿಸಿದೆ.

"ಬಂದ್ರಿ? ನಡೀರಿ," ಎಂದೆ.